ಎರಡು ಗಂಟೆಗೆ ಮಣ್ಣು

ಮಾತ್ರೆಯನ್ನು ಬೆಳ್ಳಿಯಪ್ಪನವರು ನುಂಗಲಿಲ್ಲ. ನಾಲಿಗೆಯಡಿ ಒತ್ತಿಟ್ಟುಕೊಂಡು, ನೀರು ಕುಡಿದಂತೆ ಮಾಡಿ, ಸೊಸೆ ಅತ್ತ ತಿರುಗುತ್ತಲೇ ಕಿಟಕಿಯಾಚೆ ಉಗಿದರು.

"ಇವತ್ತು ಒಂದು ಜಾಸ್ತಿ ಕೊಟ್ಟಿದ್ದೀನಿ ಮಾವ. ಚೆನ್ನಾಗಿ ನಿದ್ದೆ ಬರುತ್ತೆ. ಸಂಜೆವರೆಗೆ ಏಳ್ಬೇಡಿ," ಎಂದಳು ಅರ್ಚನಾ.

ಏಳಬಾರದಂತೆ! ಇನ್ನೆಂದೂ ಏಳದ ಹಾಗೆ ಮಾಡುವುದೇ ಇವಳ ಹುನ್ನಾರ ಎಂಬುದು ಬೆಳ್ಳಿಯಪ್ಪನವರಿಗೆ ಬೆಳಿಗ್ಗೆ ಏಳೂವರೆಗೇ ಗೊತ್ತಾಗಿಹೋಗಿತ್ತು. ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಅಡುಗೆಮನೆಯಿಂದ ಅವಳ ಪಿಸುಮಾತು ಕೇಳಿತ್ತು. ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. "ಅವ್ರ ಮಣ್ಣು ಎರಡು ಗಂಟೆಗಾ? ಗುಂಡಿ ತೆಗೆದಾಯ್ತಾ? ಇವ್ರಿಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ತಡ್ಕೊಳಲ್ಲ."

ಯಾರದಾದರೂ ಮಣ್ಣು ಎಂದರೆ ಈ ಸೀಮೆಯಲ್ಲಿ ಏನರ್ಥ? ಹೆಣ ಹೂಳುವುದು. ಗುಂಡಿ ಬೇರೆ ತೆಗೆದಿದೆ. ಅರ್ಚನಾ 'ಇವ್ರು' ಎನ್ನುವುದು ಯಾರಿಗೆ? ತಾಳಿ ಕಟ್ಟಿದವನಿಗೆ, ಅಂದರೆ ತಮ್ಮ ಮಗ ದೇವೇಂದ್ರನಿಗೆ. ಪಾಪ, ಅವನಿಗೆ ಗೊತ್ತಾಗಬಾರದಂತೆ. ಹಾಗಾದರೆ 'ಅವ್ರು' ಯಾರು? ಮನೆಯಲ್ಲಿರುವುದೇ ಮೂರು ಜನ. ಮಗ ಅಲ್ಲ, ಸೊಸೆ ಅಲ್ಲ. ಉಳಿದ ಹೆಣ ಒಂದೇ. ಲೆಕ್ಕ ತಪ್ಪಲು ಜಾಗವೆಲ್ಲಿದೆ, ನೀವೇ ಹೇಳಿ.

ಕಾರಣವೂ ಇತ್ತು. ಆರು ಎಕರೆ ತೋಟ ಇನ್ನೂ ಬೆಳ್ಳಿಯಪ್ಪನವರ ಹೆಸರಿನಲ್ಲೇ ಇತ್ತು. ಎದೆಗೆ ಸ್ಟೆಂಟ್ ಹಾಕಿ ತಿಂಗಳಾಗಿತ್ತಷ್ಟೇ. ಮೆಟ್ಟಿಲು, ಉಪ್ಪು, ಗಾಬರಿ ಮೂರೂ ಬೇಡವೆಂದು ಡಾಕ್ಟರು ಹೇಳಿ ಕಳಿಸಿದ್ದರು. ಇಂಥ ಮುದುಕ ಮಲಗಿದಲ್ಲೇ ಹೋದರೆ ಯಾರು ಅನುಮಾನಪಡುತ್ತಾರೆ?

ಆಮೇಲೆ ಕಂಡದ್ದೆಲ್ಲ ಸಾಕ್ಷಿಯಾಗುತ್ತಲೇ ಹೋಯಿತು. ಅರ್ಚನಾಳ ಕಣ್ಣು ಕೆಂಪಗಿತ್ತು. ಪಾಪಪ್ರಜ್ಞೆ, ಮತ್ತೇನು! ದೇವೇಂದ್ರ ತಿಂಡಿ ಕೂಡ ತಿನ್ನದೆ ಜೀಪು ಹತ್ತಿ ಹೋದ. ಅವನನ್ನು ಸಾಗಹಾಕಿದವಳೂ ಇವಳೇ. ತಮ್ಮ ಫೋನು ಕೇಳಿದರೆ "ಕೆಟ್ಟಿದೆ ಮಾವ, ರಿಪೇರಿಗೆ ಕಳಿಸಿದ್ದೀನಿ" ಎಂದಳು. ನಿನ್ನೆ ಸಂಜೆ ಚೆನ್ನಾಗಿದ್ದ ಫೋನು ರಾತ್ರಿ ಕಳೆಯುವುದರೊಳಗೆ ಕೆಟ್ಟಿತಂತೆ.

ಫೋನು ಇದ್ದಿದ್ದರೆ ಎಂಟು ಗಂಟೆಗೆ ಸರಿಯಾಗಿ ಕೊಟ್ಟಿಗೆಹಾರದಿಂದ ಅಬ್ದುಲ್ ವಹಾಬರ ಕರೆ ಬರುತ್ತಿತ್ತು. "ಇನ್ನೂ ಇದ್ದೀಯೇನೋ ಮಾರಾಯ?" ಎನ್ನುವುದು ಅವರ ನಿತ್ಯದ ನಮಸ್ಕಾರ. ನಲವತ್ತು ವರ್ಷದಿಂದ ಜೀಪು ರಿಪೇರಿ ಮಾಡುತ್ತಾ ಬಂದವರು, ಅಷ್ಟೇ ವರ್ಷದ ಗೆಳೆಯರು. ಆಪರೇಷನ್ ದಿನ ಆಸ್ಪತ್ರೆಯ ಬಾಗಿಲಲ್ಲಿ ಊಟ ಬಿಟ್ಟು ಕೂತಿದ್ದವರು. ಇವತ್ತು ನಂಬುವುದಾದರೆ ಅವರೊಬ್ಬರನ್ನೇ.

ಒಂದು ಗಂಟೆಯ ಸುಮಾರಿಗೆ ಅರ್ಚನಾ ಬಾಗಿಲಲ್ಲಿ ಇಣುಕಿದಳು. ಬೆಳ್ಳಿಯಪ್ಪನವರು ಜೋರಾಗಿ ಗೊರಕೆ ಹೊಡೆದರು. ಅವಳು ಅತ್ತ ಹೋದದ್ದೇ ತಡ, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲ ಬೇಲಿ ದಾಟಿದರು. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ರಸ್ತೆಗೆ ಬರುವಷ್ಟರಲ್ಲಿ ಬಸ್ಸೂ ಬಂತು.

ಒಳಗೆ ಪಕ್ಕದ ತೋಟದ ಧರ್ಮೇಶ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂತಿದ್ದ.

"ಏನು ಬೆಳ್ಳಿಯಪ್ಪಣ್ಣ, ನಿಮ್ಮ ಮಣ್ಣು ಆಯ್ತಾ?"

ಬೆಳ್ಳಿಯಪ್ಪನವರ ಕೈ ಕಂಬಿಯಿಂದ ಜಾರಿತು. "ಏನಂದೆ?"

"ತೋಟದ ಮಣ್ಣು ಅಣ್ಣಾ. ಪರೀಕ್ಷೆ ಮಾಡೋ ವ್ಯಾನ್ ಬಣಕಲ್‌ಗೆ ಬಂದಿದೆಯಲ್ಲ. ಗುಂಡಿ ತೆಗೆದು ಅಡಿಯದ್ದೇ ತರ್ಬೇಕಂತೆ. ಎರಡು ಗಂಟೆ ಮೇಲೆ ತಗೊಳಲ್ಲ."

ಬೆಳ್ಳಿಯಪ್ಪನವರು ಸೀಟಿನಲ್ಲಿ ಕುಸಿದು ಕೂತರು. ಮಣ್ಣು. ಗುಂಡಿ. ಎರಡು ಗಂಟೆ. ತೋಟ ತಮ್ಮ ಹೆಸರಿನಲ್ಲಿರುವುದರಿಂದ 'ಅವ್ರ ಮಣ್ಣು'. ದೇವೇಂದ್ರನಿಗಂತೂ ಈ ಪರೀಕ್ಷೆಯೆಂದರೆ ಆಗದು. ಗೊಬ್ಬರ ಹಾಕಲು ಮಣ್ಣಿನ ಅಪ್ಪಣೆ ಕೇಳಬೇಕಾ ಎಂದು ಹೋದ ವರ್ಷ ಕೂಗಾಡಿದ್ದ. ಅದಕ್ಕೇ ಪಾಪದ ಹುಡುಗಿ ಗಂಡನಿಗೆ ಗೊತ್ತಾಗದ ಹಾಗೆ ಯಾರ ಕೈಯಲ್ಲೋ ಗುಂಡಿ ತೆಗೆಸಿದ್ದಾಳೆ!

ಛೇ, ಎಂಥ ಮಾತು ಯೋಚಿಸಿಬಿಟ್ಟೆ! ಆಸ್ಪತ್ರೆಯಿಂದ ಬಂದ ದಿನದಿಂದ ಹೊತ್ತು ಹೊತ್ತಿಗೆ ಗಂಜಿ ಕಾಯಿಸಿ ಕೊಟ್ಟವಳು ಅವಳು. ಬೆಳ್ಳಿಯಪ್ಪನವರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ನಗು ಬಂತು. ತಡೆದಷ್ಟೂ ಉಕ್ಕುವ ನಗು.

"ಏನಣ್ಣಾ, ಒಬ್ರೇ ನಗ್ತಿದ್ದೀರಿ?"

"ನಿಂಗೆ ಅರ್ಥ ಆಗಲ್ಲ ಮಾರಾಯ," ಎಂದು ಕಣ್ಣೊರೆಸಿಕೊಂಡರು.

ಬಣಕಲ್‌ನಲ್ಲಿ ಧರ್ಮೇಶ ಇಳಿದ. ಬೆಳ್ಳಿಯಪ್ಪನವರೂ ಇಳಿದು ವಾಪಸ್ ಹೋಗಬಹುದಿತ್ತು. ಆದರೆ ಇಂಥದ್ದನ್ನು ವಹಾಬರಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳುವುದುಂಟೇ? ಸಂಜೆವರೆಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಕೊಟ್ಟಿಗೆಹಾರದಲ್ಲಿ ವಹಾಬರ ವರ್ಕ್‌ಶಾಪಿನ ಷಟರ್ ಇಳಿದಿತ್ತು. ಊಟಕ್ಕೆ ಹೋಗಿರಬೇಕು. ಮನೆ ಅದರ ಹಿಂದೆಯೇ. ಓಣಿಯುದ್ದಕ್ಕೂ ಬೈಕು, ಜೀಪುಗಳು ನಿಂತಿದ್ದವು. ಯಾರದೋ ಮದುವೆ ಮಾತುಕತೆ ಇರಬೇಕು, ತನಗೊಂದು ಮಾತು ಹೇಳದೆ ನಡೆಸುತ್ತಿದ್ದಾನಲ್ಲ ಕಳ್ಳ, ಎಂದುಕೊಳ್ಳುತ್ತಾ ಬೆಳ್ಳಿಯಪ್ಪನವರು ಗೇಟು ತಳ್ಳಿದರು. ಒಳಗೆ ಕಾಲಿಡುವ ಮೊದಲೇ ಕೂಗಿದರು.

"ಏ ವಹಾಬಾ, ಬಾರೋ ಇಲ್ಲಿ! ಇವತ್ತು ನನ್ನ ಮಣ್ಣಂತೆ ಕಣೋ!"

ಅಂಗಳದ ತುಂಬ ನಿಂತಿದ್ದ ಗಂಡಸರೆಲ್ಲ ಒಮ್ಮೆಗೇ ತಿರುಗಿ ನೋಡಿದರು. ಯಾರೂ ನಗಲಿಲ್ಲ. ಜಗುಲಿಯ ಮೆಟ್ಟಿಲಿನಿಂದ ಹೆಣ ಹೊತ್ತ ಜನಾಜಾ ಇಳಿಯುತ್ತಿತ್ತು. ಮುಂದಿನ ಒಂದು ತುದಿಗೆ ವಹಾಬರ ಮಗ ಇಜಾಜ್ ಅಳುತ್ತಾ ಹೆಗಲು ಕೊಟ್ಟಿದ್ದ. ಇನ್ನೊಂದು ತುದಿಯಲ್ಲಿ ದೇವೇಂದ್ರ.

"ಅಪ್ಪಾ," ಎಂದ ದೇವೇಂದ್ರ, ಹೆಗಲು ತೆಗೆಯಲಾಗದೆ ನಿಂತಲ್ಲಿಂದಲೇ, "ನಿಮ್ಗೆ ಯಾರು ಹೇಳಿದ್ದು?"