ಹಾವಿನ ಜಡೆಯವಳು

ಗಂಗರತ್ನಮ್ಮ ಆ ಫೋಟೋವನ್ನು ಒಲೆಗೆ ಹಾಕಿ ಹದಿನೈದು ದಿನವಾಗಿತ್ತು. ಗಂಡ ಇನ್ನೂ ಅದನ್ನು ಕೇಳಿರಲಿಲ್ಲ. ಅವಳ ಸಂಕಟವೇ ಅದು.

ಕೇಳಿದ್ದರೆ ಜಗಳವಾಡಬಹುದಿತ್ತು. ‘ಹೌದು, ನಿಮ್ಮ ಅಂಗಿ ಜೇಬಿಂದ ತೆಗೆದು ಸುಟ್ಟೆ, ಏನೀಗ?’ ಎಂದು ಮಾತು ಕಟ್ಟಿ ಇಟ್ಟುಕೊಂಡಿದ್ದಳು. ವೆಂಕಟರಾಯಪ್ಪ ಮಾತ್ರ ಬೆಳಗ್ಗೆ ಎದ್ದು, ಗಂಜಿ ಕುಡಿದು, ಹಿತ್ತಲ ಚಪ್ಪರಕ್ಕೆ ಹೋಗಿ ತಡಿಕೆ ಬಾಗಿಲು ಎಳೆದುಕೊಳ್ಳುತ್ತಿದ್ದ. ಉಳಿಯ ಸದ್ದು ಶುರುವಾಗುತ್ತಿತ್ತು. ಫೋಟೋ ಇಲ್ಲದೆಯೇ ಆ ಹೆಂಗಸಿನ ಮುಖ ಕಡೆಯುತ್ತಿದ್ದಾನೆ ಎಂದರೆ, ಮುಖ ಮನಸ್ಸಿಗೇ ಇಳಿದಿದೆ.

ಫೋಟೋ ತಂದವನು ಮದರಾಸಿನ ಸಿನಿಮಾ ಕಂಪನಿಯ ಮ್ಯಾನೇಜರು ಮುನಿಶಾಮಿ. ಮಾಲೂರಿನಲ್ಲಿ ರೈಲಿಳಿದು ಎತ್ತಿನ ಗಾಡಿಯಲ್ಲಿ ಶಿವಾರಪಟ್ಟಣಕ್ಕೆ ಬಂದಿದ್ದ. ದೇವರ ವಿಗ್ರಹ ಕಡೆಯುವ ಊರಿಗೆ ಬಂದು ರಾಕ್ಷಸಿಯ ತಲೆ ಬೇಕೆಂದ. ಗ್ರೀಕ್ ದೇಶದ ಪುರಾಣವಂತೆ. ಚೆಲುವೆಯೊಬ್ಬಳಿಗೆ ಶಾಪ ತಗಲಿ ಜಡೆಯೆಲ್ಲ ಹಾವಾಗುತ್ತದೆ. ಅವಳ ಮುಖ ನೋಡಿದವರು ನಿಂತಲ್ಲೇ ಕಲ್ಲಾಗುತ್ತಾರೆ. ರೆಕ್ಕೆಯ ಚಪ್ಪಲಿ ಹಾಕಿಕೊಂಡ ವೀರನೊಬ್ಬ ಹಾರಿ ಬಂದು, ಗುರಾಣಿಯನ್ನೇ ಕನ್ನಡಿ ಮಾಡಿಕೊಂಡು, ಅದರಲ್ಲಿ ಅವಳ ಬಿಂಬ ನೋಡುತ್ತ ತಲೆ ಕತ್ತರಿಸುತ್ತಾನೆ.

"ನಾವೂ ಹಾಗೇ ಸ್ವಾಮಿ," ಎಂದು ವೆಂಕಟರಾಯಪ್ಪ ನಕ್ಕಿದ್ದ. "ವಿಗ್ರಹಕ್ಕೆ ಕಣ್ಣು ತೆರೆಸೋವಾಗ ನೇರ ನೋಡಲ್ಲ. ಕನ್ನಡೀಲಿ ನೋಡ್ಕೊಂಡೇ ಚಿನ್ನದ ಸೂಜಿ ಎಳೆಯೋದು. ಮೊದಲ ದೃಷ್ಟಿ ತಡಕೊಳ್ಳೋಕೆ ಮನುಷ್ಯರ ಕೈಲಿ ಆಗಲ್ಲ."

"ಹಾವು ಹೆದರಿಸ್ಲಿ ಆಚಾರ್ರೇ, ಮುಖ ಮಾತ್ರ ಚೆಂದ ಇರ್ಬೇಕು. ನಮ್ಮ ನಟಿ ಮುಖ. ಕಲ್ಲಲ್ಲಿ ಮಾಡ್ಕೊಡಿ, ಅಚ್ಚು ಅಲ್ಲಿ ತೆಗಿಸ್ಕೋತೀವಿ. ಚೆನ್ನಾಗಿ ಬಂದ್ರೆ ನಿಮ್ಮನ್ನೂ ಮದರಾಸಿಗೆ ಕರ್ಕೊಂಡು ಹೋಗ್ತೀನಿ," ಎಂದು ಮುನಿಶಾಮಿ ಫೋಟೋ ಕೊಟ್ಟ.

ವೆಂಕಟರಾಯಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು, ಬಹಳ ಹೊತ್ತು ನೋಡಿದ. ಬಾಗಿಲ ಹಿಂದೆ ನಿಂತು ಗಂಗರತ್ನಮ್ಮ ಅದನ್ನು ಕಂಡಳು. ತನ್ನ ಮುಖವನ್ನು ಅವನು ಹಾಗೆ ನೋಡಿ ಎಷ್ಟು ಕಾಲವಾಯಿತು?

ಅಂದಿನಿಂದ ಅವನು ಅವನಾಗಿರಲಿಲ್ಲ. ಆಗತಾನೇ ಹಾಕಿದ ರಂಗೋಲಿ ತುಳಿದುಕೊಂಡು ಹೋದ. ಮಜ್ಜಿಗೆ ಗಡಿಗೆ ಒದ್ದು ಉರುಳಿಸಿದ. ಒಂದು ಮಧ್ಯಾಹ್ನ ರಾಗಿ ಒಣಹಾಕಿ ಕಾಯಲು ಕೂರಿಸಿದರೆ, ಅವನ ಎದುರಿಗೇ ಪಕ್ಕದ ಮನೆ ಮೇಕೆ ಅರ್ಧ ರಾಗಿ ಮೇಯ್ದಿತ್ತು.

ಮೇಕೆ ಎಳೆದೊಯ್ಯಲು ಬಂದ ಅಂಜಮ್ಮನಿಗೆ ನಗು. "ಹೆಣ್ಣಿನ ಧ್ಯಾನ ಹತ್ತಿದವನಿಗೆ ಮೇಕೆ ಎಲ್ಲಿ ಕಾಣ್ತದೆ ಕಣೇ ರತ್ನ? ಮದರಾಸಿನ ರೈಲು ಹತ್ತೋಕೆ ಮುಂಚೆ ಕಾಲಿಗೊಂದು ಹಗ್ಗ ಹಾಕು."

"ಮೊದ್ಲು ನಿನ್ನ ಮೇಕೆಗೆ ಹಾಕಮ್ಮ," ಎಂದಳು ಗಂಗರತ್ನಮ್ಮ.

ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ದೀಪ ಹಚ್ಚುವ ಹೊತ್ತು ದಾಟಿದರೂ ಚಪ್ಪರದಲ್ಲಿ ದೀಪವಿರುತ್ತಿರಲಿಲ್ಲ, ಉಳಿಯ ಸದ್ದು ಮಾತ್ರ. ಎಣ್ಣೆ ಉಳಿಸುತ್ತಿದ್ದಾನೆ ಎಂದುಕೊಂಡಳು. ಮರುದಿನ ಪಾತ್ರೆ ಬೆಳಗುವಾಗ ಬೇರೆಯೇ ಹೊಳೆಯಿತು. ಮನಸ್ಸಿನಲ್ಲಿರುವ ಮುಖ ಕಡೆಯುವವನಿಗೆ ದೀಪ ಯಾಕೆ?

ಇನ್ನೊಂದು ದಿನ ಮಗುವಿಗೆ ಹಾಲು ಕುಡಿಸಿ ಹಾಗೇ ಒರಗಿದ್ದಳು. ಅವನು ಬಂದು ಪಕ್ಕದಲ್ಲಿ ಕೂತ. ಅವನ ಬೆರಳುಗಳು ಅವಳ ಹಣೆ, ಮೂಗು, ತುಟಿ, ಗಲ್ಲದ ಗುಳಿಯ ಮೇಲೆ ನಿಧಾನವಾಗಿ ಹರಿದವು. ಅವಳು ನಿದ್ದೆ ಬಂದವಳಂತೆ ಮೈ ಬಿಗಿದು ಮಲಗಿದಳು. ಯಾರ ಮೂಗು ನೆಟ್ಟಗಿದೆ ಎಂದು ತೂಗಿ ನೋಡುತ್ತಿದ್ದಾನೆ. ಅವನು ಎದ್ದು ಹೋದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಗುರುವಾರ ಊಟಕ್ಕೆ ಕೂತಾಗ ಅವನೇ ಬಾಯಿ ಬಿಟ್ಟ. "ಈ ತಲೆ ಒಂದು ಮುಗೀಲಿ ರತ್ನ. ಆಮೇಲೆ ನಿಂಗೊಂದು ಮಾತು ಹೇಳ್ಬೇಕು."

"ಈಗ್ಲೇ ಹೇಳಿ."

"ಈಗ ಹೇಳಿದ್ರೆ ನನ್ನ ಕೈ ನಡುಗ್ತದೆ."

ಅವಳು ಮುದ್ದೆ ಮುರಿಯದೆ ಎದ್ದಳು. ಮದರಾಸಿಗೆ ಹೊರಟವನು ಇನ್ನೇನು ಹೇಳಿಯಾನು? ಸಂಜೆಯೊಳಗೆ ಮಗುವಿನ ಬಟ್ಟೆ ಗಂಟು ಕಟ್ಟಿ ಇಟ್ಟಳು. ಕ್ಯಾಲನೂರಿನ ತವರು ದೂರವೇನಲ್ಲ.

ಶುಕ್ರವಾರ ಬೆಳಗ್ಗೆ ಮುನಿಶಾಮಿಯ ಗಾಡಿ ಬಂತು. ಒದ್ದೆ ಗೋಣಿ ಹೊದಿಸಿದ ತಲೆ ಚಪ್ಪರದ ಕಟ್ಟೆಯ ಮೇಲಿತ್ತು. ಪಕ್ಕದಲ್ಲಿ ವೆಂಕಟರಾಯಪ್ಪ, ಕೈಯಲ್ಲಿ ಚಿನ್ನದ ಸೂಜಿ. ಕಣ್ಣು ತೆರೆಸುವುದೊಂದು ಬಾಕಿ. ಗಂಗರತ್ನಮ್ಮ ವಾಡಿಕೆಯಂತೆ ಕನ್ನಡಿ ತಂದು, ಹಗ್ಗದ ಮೇಲೆ ಒಣಹಾಕಿದ್ದ ತನ್ನ ಸೀರೆಯ ಪಕ್ಕ ನಿಂತಳು.

"ಕನ್ನಡಿ ತಂದಿದೀನಿ."

"ಈ ಸಲ ಕನ್ನಡಿ ಬೇಡ."

ಆ ಹೆಂಗಸನ್ನು ನೇರವಾಗೇ ನೋಡುವಷ್ಟು ಆಸೆ. ಗಂಗರತ್ನಮ್ಮ ಕನ್ನಡಿಯನ್ನು ಕೆಳಗಿಟ್ಟು, ಸದ್ದಿಲ್ಲದೆ ಕಟ್ಟೆಯ ಆಚೆ ಬದಿಗೆ, ಮುನಿಶಾಮಿಯ ಹಿಂದೆ ಹೋಗಿ ನಿಂತಳು. ಆ ಮುಖವನ್ನು ಒಮ್ಮೆ ಕಣ್ಣಾರೆ ನೋಡಿಯೇ ಹೊರಡುವುದು.

ಮುನಿಶಾಮಿ ಗೋಣಿ ಎತ್ತಿದ. ಸುತ್ತ ಹಾವುಗಳು ಹೆಡೆ ಬಿಚ್ಚಿದ್ದವು. ನಡುವಿನ ಮುಖ ನೋಡಿ ಅವನ ಹುಬ್ಬು ಗಂಟಾಯಿತು. "ಏನಾಚಾರ್ರೇ, ಇದು ನಮ್ಮ ನಟಿ ಮುಖ ಅಲ್ಲವಲ್ಲ." ಹಾಗೆಂದು ಹಿಂದೆ ತಿರುಗಿದ. ಕಲ್ಲನ್ನು ನೋಡಿದ. ಗಂಗರತ್ನಮ್ಮನನ್ನು ನೋಡಿದ.

ಅದೇ ಹಣೆ, ಅದೇ ಮೂಗು. ಗಲ್ಲದ ಗುಳಿ ಕೂಡ. ರೆಪ್ಪೆ ಮುಚ್ಚಿದ ತನ್ನದೇ ಮುಖದೆದುರು ಗಂಗರತ್ನಮ್ಮ ಕಲ್ಲಾಗಿ ನಿಂತಳು.

"ನನ್ನ ಕೈಗೆ ಗೊತ್ತಿರೋದು ಇದೊಂದೇ ಮುಖ ಸ್ವಾಮಿ," ಎಂದ ವೆಂಕಟರಾಯಪ್ಪ.

ಆಮೇಲೆ "ಕಣ್ಣು ನೀನೇ ತೆರೆಸಬೇಕು ರತ್ನ," ಎನ್ನುತ್ತ ಚಿನ್ನದ ಸೂಜಿಯನ್ನು ಚಾಚಿದ, ಅವಳು ನಿಂತಿದ್ದ ಕಡೆಗಲ್ಲ, ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಸೀರೆಯ ಕಡೆಗೆ.