ತೊಲೆಗೆ ಕಟ್ಟಿದ ಡಬ್ಬಿ

ಹೇಮಾ ಎಂದಿನಂತೆ ವಾರಗಿತ್ತಿ ವಿರುಪಮ್ಮನ ಕೈಗೆ ಮನೆಯ ಕೀಲಿಕೈ ಕೊಟ್ಟು, ಕೂಸನ್ನು ಬಗಲಿಗೆ ಏರಿಸಿಕೊಂಡು ಗಣಿಯ ಕ್ಯಾಂಟೀನಿನ ಕೆಲಸಕ್ಕೆ ಹೊರಟಳು. ಅವಳು ತಿರುವು ದಾಟುವುದೇ ತಡ, ವಿರುಪಮ್ಮ ಆ ಮನೆಯ ಬೀಗ ತೆಗೆದು, ತೊಲೆಗೆ ಕಟ್ಟಿದ್ದ ಪುಟ್ಟ ಡಬ್ಬಿಯನ್ನು ಬಿಚ್ಚಿಕೊಂಡಳು. ಆ ಜಾಗಕ್ಕೆ ಅಂಥದೇ ಒಂದು ಖಾಲಿ ಕುಂಕುಮದ ಡಬ್ಬಿ ಕಟ್ಟಿದಳು. ಕದ್ದದ್ದನ್ನು ತಂದು, ಗುಡ್ಡಕ್ಕೆ ಆತುಕೊಂಡ ತನ್ನ ಕಿಟಕಿಯಿಲ್ಲದ ಕೋಣೆಯಲ್ಲಿ ನೇತುಹಾಕಿದಳು.

ಹಿಂದಿನ ದಿನ ಯೂನಿವರ್ಸಿಟಿಯಿಂದ ಬಂದಿದ್ದ ಶೈಲಶ್ರೀ, ಸಂಡೂರು ಗುಡ್ಡದ ಆ ಊರಿನಲ್ಲಿ ಹತ್ತು ಮನೆಗೊಂದರಂತೆ ಡಬ್ಬಿ ಕಟ್ಟಿಸಿ, "ಮೂರು ತಿಂಗಳು ಮುಟ್ಟಬ್ಯಾಡ್ರಿ, ನೆಲದಾಗಿಂದ ಏನು ಬರ್ತೈತಿ ಅಂತ ಅಳಿತೀವಿ" ಎಂದಿದ್ದಳು. ನೆಲದಿಂದ ಬರುವುದು ಅದಿರಲ್ಲದೆ ಮತ್ತೇನು ಎಂದುಕೊಂಡಳು ವಿರುಪಮ್ಮ. ಹೊಲ ಬಗೆದು ಅದಿರು ಮಾರಿದವರು ವರ್ಷದೊಳಗೆ ಜೀಪು ಕೊಂಡ ಕಾಲ ಅದು. ಆ ಡಬ್ಬಿಯೂ ಹೇಮಾಳ ಪಾಲಿಗೇ ಬೀಳಬೇಕೆ? ಅಗಲ ಕಿಟಕಿಗಳ ಹೊಸ ಮನೆ ಅವಳಿಗೆ, ಟೀವಿ ಅವಳಿಗೆ, ಮದುವೆಯಾದ ವರ್ಷವೇ ಗಂಡು ಕೂಸು ಅವಳಿಗೆ. ಹತ್ತು ವರ್ಷ ಹರಕೆ ಹೊತ್ತ ವಿರುಪಮ್ಮನ ಮಡಿಲು ಮಾತ್ರ ಬರಿದು. ಹೇಮಾ ನಂಬಿ ಕೀಲಿಕೈ ಕೊಡುತ್ತಿದ್ದಳು, ಕೂಸನ್ನು ಮಾತ್ರ ಕೊಡುತ್ತಿರಲಿಲ್ಲ. ಹೊಟ್ಟೆ ಉರಿಯದೆ ಏನು ಮಾಡೀತು?

ಮೂರು ತಿಂಗಳಾಗುವ ಹೊತ್ತಿಗೆ, ಕಳವು ಬಯಲಾಗದಿರಲೆಂದು, ಡಬ್ಬಿ ಗುಟ್ಟಾಗಿ ಹೇಮಾಳ ತೊಲೆಗೆ ಮರಳಿತು. ಶೈಲಶ್ರೀ ಬಂದು ಒಯ್ದಳು. ಮತ್ತೊಂದು ತಿಂಗಳು ಕಳೆದು ಚೀಟಿ ಹಿಡಿದು ಬಂದಳು.

"ಇಡೀ ಊರಾಗ ನಿಮ್ಮ ಮನಿ ನಂಬರೇ ಜಾಸ್ತಿ ಬಂದೈತ್ರಿ," ಎಂದಳು ಹೇಮಾಳಿಗೆ.

ತನ್ನ ನೆಲದ ಅದಿರು ಬೇರೆಯವರ ಹೆಸರಿಗೆ ಹೋದರೆ ಹೇಗೆ? ಪಕ್ಕದಲ್ಲೇ ನಿಂತಿದ್ದ ವಿರುಪಮ್ಮ ಮುಂದೆ ನುಗ್ಗಿದಳು. "ಮೇಡಂ, ಖರೇ ಅಂದ್ರ ಆ ಡಬ್ಬಿ..."

"ತಡೀರಿ, ಪೂರ್ತಿ ಹೇಳ್ತೀನಿ. ಅದು ರೇಡಾನ್ ಅಂತ ಒಂದು ಕೆಟ್ಟ ಗಾಳಿ. ಬಂಡೆಗಲ್ಲು, ನೆಲದ ಬಿರುಕು, ಅಲ್ಲಿಂದ ಬರ್ತೈತಿ. ಕಣ್ಣಿಗೆ ಕಾಣಂಗಿಲ್ಲ, ವಾಸನಿ ಇಲ್ಲ. ವರ್ಷಗಟ್ಲೆ ಉಸಿರಾಡಿದ್ರ ಶ್ವಾಸಕೋಶಕ್ಕ ಕ್ಯಾನ್ಸರ್ ಬರಬಹುದು. ಇಷ್ಟು ಕಿಟಕಿ ಇದ್ದೂ ಹೆಂಗ ಬಂತೋ ತಿಳೀವಲ್ದು. ಬಿರುಕಿಗೆ ಸಿಮೆಂಟ್ ಹಾಕಿಸ್ರಿ. ಅಲ್ಲೀತನಕ ಕೂಸಿನ್ನ ಇಲ್ಲಿ ಮಲಗಿಸಬ್ಯಾಡ್ರಿ."

ವಿರುಪಮ್ಮ ಮುಂದಿಟ್ಟ ಹೆಜ್ಜೆ ಹಿಂದೆ ತೆಗೆದಳು. ಆದರೆ ಹೇಮಾಳ ಮುಖ ಬಾಡಿದ್ದನ್ನು ಕಂಡು ಒಳಗೊಳಗೇ ಹಿತವೂ ಆಯಿತು, ಸುಳ್ಳೇಕೆ ಹೇಳಬೇಕು. ಸುಳ್ಳಿಗಾದರೂ ಆ ಮನೆಗೆ ಒಂದು ಕೆಟ್ಟದ್ದು ಬಂದಿತ್ತು.

ಸಂಜೆ ಹೇಮಾ ವಿರುಪಮ್ಮನ ಹೊಸ್ತಿಲಲ್ಲಿ ಬಂದು ನಿಂತಳು. ಬಗಲಲ್ಲಿ ಕೂಸು, ಕೈಯಲ್ಲಿ ಕೌದಿ.

"ಅಕ್ಕಾ, ನಿನ್ನ ಕಣ್ಣು ತಾಕ್ತೈತಿ ಅಂತ ಇವನ್ನ ನಿನ್ನ ಕೈಯಾಗ ಕೊಡ್ಲಿಲ್ಲ. ನನ್ನ ತಪ್ಪು. ಇವತ್ತಿಂದ ನಿನ್ನ ಮಗ್ಗಲದಾಗ ಮಲಗ್ಲಿ."

ಕೂಸು ವಿರುಪಮ್ಮನ ಹೆಗಲಿಗೆ ಒರಗಿ ಕೊರಳು ತಬ್ಬಿತು. ಅದರ ಬಿಸಿ ಉಸಿರು ಕುತ್ತಿಗೆಗೆ ತಾಗಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೇಮಾ ಕೌದಿ ಹಾಸಲು ಕೋಣೆಯತ್ತ ನಡೆದಳು.

"ಒಳಗ ಬ್ಯಾಡ," ಎಂದಳು ವಿರುಪಮ್ಮ. "ಆ ಡಬ್ಬಿ ಮೂರೂ ತಿಂಗಳು ಇಲ್ಲೇ ಇತ್ತು. ನಾನೇ ಕದ್ದು ತಂದಿದ್ದೆ."

ಹೇಮಾ ಹಿಂದಿರುಗಿ ಬಂದು ಎರಡೂ ಕೈ ಚಾಚಿದಳು. ಕೂಸು ವಿರುಪಮ್ಮನ ಕೊರಳು ಬಿಡಲೊಲ್ಲದು. ಅದರ ಬೆರಳುಗಳನ್ನು ಒಂದೊಂದಾಗಿ ವಿರುಪಮ್ಮನೇ ಬಿಡಿಸಿ ಕೊಟ್ಟಳು.