ಇಬ್ಬರ ಸಹಿ

ಹಗ್ಗ ಸವೆದು ಹರಿದದ್ದಲ್ಲ, ಕೊಯ್ದದ್ದು. ತುದಿ ನುಣ್ಣಗಿತ್ತು. ಹಾಯಿದೋಣಿ ಕ್ಲಬ್ಬಿನ ಅಧ್ಯಕ್ಷ ಆ ನೀಲಿ ತುಂಡನ್ನು ತಂದು ಮ್ಯಾನೇಜರನ ಮೇಜಿನ ಮೇಲೆ ಒಗೆದ. ಪಂದ್ಯದ ಗುರುತಿಗೆಂದು ಆ ಹಗ್ಗಕ್ಕೆ ಕಟ್ಟಿ ಕೆರೆಯಲ್ಲಿ ತೇಲಿಬಿಟ್ಟಿದ್ದ ದೊಡ್ಡ ಪ್ಲಾಸ್ಟಿಕ್ ಗುಂಡು ಮತ್ತೆ ದಡಕ್ಕೆ ಬಂದು ಬಿದ್ದಿತ್ತು.

"ಮೀನಿನ ಚಾಕು. ಇದು ಮೂರನೇ ಸಲ. ನಮ್ಮಣ್ಣನ ಕಡೆಯೋರಲ್ದೆ ಇನ್ಯಾರು?"

"ವಿಚಾರಿಸ್ತೀನಿ ಸರ್," ಎಂದ ಮ್ಯಾನೇಜರ್, ತುಂಡನ್ನು ಚೀಲಕ್ಕೆ ಹಾಕಿ ಮೇಲೊಂದು ಚೀಟಿ ಅಂಟಿಸುತ್ತ.

ಅಣ್ಣ ಎಂದರೆ ಗಾಳದ ಕ್ಲಬ್ಬಿನ ಅಧ್ಯಕ್ಷ. ಅಪ್ಪ ಬಿಟ್ಟುಹೋದದ್ದು ಒಂದು ಕೆರೆ, ಒಂದು ದೋಣಿ. ಹನ್ನೊಂದು ವರ್ಷದ ಹಿಂದೆ ಅಣ್ಣ ಆ ದೋಣಿಯ ಹಾಯಿಕಂಬ ಕಿತ್ತು, ಕೂತು ಗಾಳ ಹಾಕಲು ಹಲಗೆ ಬಡಿಸಿದ. ತುಂಬಿದ ಸಭೆಯಲ್ಲಿ ತಮ್ಮ ಅಣ್ಣನ ಕಪಾಳಕ್ಕೆ ಹೊಡೆದ. ಅಲ್ಲಿಗೆ ಮಾತು ನಿಂತಿತು. ವಕೀಲರು ಕೂತು ಒಪ್ಪಂದ ಬರೆದರು. ಬೆಳಿಗ್ಗೆ ಹತ್ತರವರೆಗೆ ಗಾಳ, ಆಮೇಲೆ ಹಾಯಿ. ಎರಡು ಗೇಟು. ಅಣ್ಣತಮ್ಮಂದಿರ ನಡುವಿನ ಮಾತೆಲ್ಲ ಕಾಗದದಲ್ಲಿ, ಅದೂ ಮ್ಯಾನೇಜರನ ಕೈಯಿಂದಲೇ. ಇಬ್ಬರ ಸಹಿ ಇಲ್ಲದೆ ಒಂದು ಕಾಗದವನ್ನೂ ನಾಶ ಮಾಡುವಂತಿಲ್ಲ. ಈ ಏರ್ಪಾಡು ಇರುವಷ್ಟು ದಿನ ಒಬ್ಬ ಮ್ಯಾನೇಜರ್, ಅವನಿಗೆ ದಡದ ಮೇಲೊಂದು ಮನೆ.

ಕಾಗದದ ವಿಷಯದಲ್ಲಿ ಈ ಮನುಷ್ಯನನ್ನು ಮೀರಿಸುವವರಿರಲಿಲ್ಲ. ಬಂದದ್ದಕ್ಕೆಲ್ಲ ಠಸ್ಸೆ, ನಂಬರು, ತಾರೀಖು. "ನಲ್ಲಿ ಸೋರುತ್ತಿದೆ" ಎಂಬ ಚೀಟಿಗೂ ನಂಬರಿತ್ತು. "ನನಗೂ ಒಂದು ನಂಬರ್ ಹಾಕಿಬಿಡಿ, ಆಗ್ಲಾದ್ರೂ ನೆನಪಲ್ಲಿರ್ತೀನಿ," ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ಸದಸ್ಯರೂ ನಗುತ್ತಿದ್ದರು. ಆದರೆ ಆ ಇಬ್ಬರು ಒಬ್ಬರ ಕುತ್ತಿಗೆ ಒಬ್ಬರು ಹಿಸುಕದೆ ಇರುವುದು ಇವನಿಂದಲೇ ಎಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. ಎರಡೂ ಕಡೆಯ ಬೈಗುಳವನ್ನು ಹೊಟ್ಟೆಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುವ ಪಾಪದ ಪ್ರಾಣಿ.

ಹೊರಟ ತಮ್ಮ ಬಾಗಿಲಲ್ಲಿ ನಿಂತ. "ಹೋದ ವಾರ ಒಂದು ಕವರ್ ಕೊಟ್ಟಿದ್ನಲ್ಲ. ಏನಂದ?"

"ಓದಿದ್ರು. ಮಡಚಿ ಜೇಬಿಗೆ ಹಾಕ್ಕೊಂಡ್ರು. ಏನೂ ಹೇಳಲಿಲ್ಲ."

ತಮ್ಮನ ಮುಖ ಗಂಟಿಕ್ಕಿತು. "ಹಾಗಾದ್ರೆ ಇದನ್ನ ಬರ್ಕೊಳ್ಳಿ. ಗಾಳದೋರು ಇನ್ಮೇಲೆ ಒಂಬತ್ತೂವರೆಗೇ ಜಾಗ ಖಾಲಿ ಮಾಡ್ಬೇಕು."

ಮ್ಯಾನೇಜರ್ ಬರೆದುಕೊಂಡ. ಒಂದು ಗಂಟೆಯೊಳಗೆ ಆ ಕಾಗದ ಅಣ್ಣನಿಗೆ ತಲುಪಿತು, ಸ್ವೀಕೃತಿಯ ಸಹಿಯೂ ಬಂತು.

ಆ ವರ್ಷವೇ ಅಣ್ಣ ಹಾಸಿಗೆ ಹಿಡಿದ. ಮದುವೆಯಾಗದವನು, ನೋಡಿಕೊಳ್ಳಲು ಒಬ್ಬ ನರ್ಸು, ದಿನಾ ಬಂದು ಕೂರಲು ಈ ಮ್ಯಾನೇಜರ್. ಕಿಟಕಿಯಾಚೆ ಕಂಬವಿಲ್ಲದ ಆ ದೋಣಿ ಬೋರಲು ಬಿದ್ದಿತ್ತು. ಅಣ್ಣ ಅದನ್ನೇ ನೋಡುತ್ತಿದ್ದ. ಒಂದು ದಿನ ದಿಂಬಿನ ಕೆಳಗಿಂದ ಕವರು ತೆಗೆದ.

"ಅವನ ಕೈಗೇ ಕೊಡಿ. ಈ ಸಲ ಉತ್ತರ ಇಸ್ಕೊಂಡೇ ಬನ್ನಿ. ನನಗೆ ಜಾಸ್ತಿ ದಿನ ಇಲ್ಲ."

ಮರುದಿನ ಅಣ್ಣ ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು, ದಿಂಬಿಗೊರಗಿ ಕೂತಿದ್ದ. ಮ್ಯಾನೇಜರ್ ಬರಿಗೈಯಲ್ಲಿ ಬಂದು, ಲೋಟಕ್ಕೆ ನೀರು ಬಗ್ಗಿಸಿದ.

"ಓದಿದ್ರು. ಮಡಚಿ ಜೇಬಿಗೆ ಹಾಕ್ಕೊಂಡ್ರು."

"ಅಷ್ಟೇನಾ?"

"ಅಷ್ಟೇ."

ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. "ಅಪ್ಪನ ಹಟ ಪೂರ್ತಿ ಅವನಿಗೇ ಬಂದಿದೆ," ಎಂದ. ಮ್ಯಾನೇಜರ್ ಹೊದಿಕೆ ಸರಿಮಾಡಿದ. ಜೇಬಿನಿಂದ ಒಂದು ಫಾರಂ ತೆಗೆದು, "ಹಳೇ ಕಾಗದ ಒಂದಷ್ಟು ಸುಡೋದಿದೆ ಸರ್, ಇಲ್ಲೊಂದು ಸಹಿ," ಎಂದ. ಅಣ್ಣ ಏನೆಂದೂ ನೋಡದೆ ಗೀಚಿದ.

ಒಂಬತ್ತು ದಿನಕ್ಕೆ ಸತ್ತುಹೋದ. ತಮ್ಮ ಬಂದ, ದೂರದಲ್ಲಿ ನಿಂತ, ಯಾರೊಂದಿಗೂ ಮಾತಾಡದೆ ಹೋದ. ಕಲ್ಲು ಮನುಷ್ಯ ಎಂದರು ಜನ. ಸಾಯುವವನು ಕಾಗದ ಬರೆದರೂ ಕರಗಲಿಲ್ಲವಂತೆ ಎಂದು ನರ್ಸು ಊರಿಗೆಲ್ಲ ಹೇಳಿದಳು. ಅವನಿಗೆ ಕೇಳುವಂತೆ ಮಾತ್ರ ಯಾರೂ ಹೇಳಲಿಲ್ಲ.

ಜಗಳಕ್ಕೆ ಒಬ್ಬನೇ ಉಳಿದಾಗ ಜಗಳವೂ ಉಳಿಯಲಿಲ್ಲ. ಎರಡು ತಿಂಗಳಲ್ಲಿ ಕ್ಲಬ್ಬುಗಳು ಒಂದಾದವು, ಒಂದು ಗೇಟಿಗೆ ಗೋಡೆ ಕಟ್ಟಿದರು. ಮ್ಯಾನೇಜರನ ಕೆಲಸ ಹೋಯಿತು. ಹೆಂಡತಿ ದಡದ ಮನೆಯ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ, ಅವನು ಆಫೀಸಿನಲ್ಲಿ ತಮ್ಮನಿಗೆ ಸಾಮಾನು ಒಪ್ಪಿಸುತ್ತಿದ್ದ. ದೋಣಿ ಹದಿನಾಲ್ಕು. ಲೈಫ್ ಜಾಕೆಟ್ ನಲವತ್ತು. ಕೊನೆಗೆ ಮೂಲೆಯ ಕಬ್ಬಿಣದ ಬೀರು.

"ಅದರಲ್ಲಿ ಸುಡೋ ಕಾಗದ ಸರ್. ಅಣ್ಣೋರ ಸಹಿ ಆಗಿದೆ, ನಿಮ್ದೊಂದು ಹಾಕಿದ್ರೆ ಈಗಲೇ ಮುಗಿಸ್ಬಿಡ್ತೀನಿ."

ತಮ್ಮ ಆ ಫಾರಂ ಹಿಡಿದುಕೊಂಡು ನಿಂತ. ಅಣ್ಣನ ಸಹಿ ಸೊಟ್ಟಗಿತ್ತು. ತಾರೀಖು ನೋಡಿದ. ಸಹಿಯ ಮೇಲೆ ಮೆಲ್ಲಗೆ ಬೆರಳಾಡಿಸಿದ. ಕಲ್ಲು ಮನುಷ್ಯನ ಕಣ್ಣು ತುಂಬಿತ್ತು.

"ಅವನ ಕೈ ತಾಗಿದ ಒಂದು ಚೂರನ್ನೂ ನಾನು ಸುಡಲ್ಲ. ಕೀಲಿ ಕೊಡಿ."

ಮ್ಯಾನೇಜರನಿಗೆ ಜೇಬಿನಲ್ಲೇ ಇದ್ದ ಕೀಲಿ ಸಿಗಲು ಬಹಳ ಹೊತ್ತು ಹಿಡಿಯಿತು.

ತಮ್ಮ ಬೀರು ತೆರೆದ. ಮೇಲಿನ ಅರೆಯಲ್ಲಿ ಒಂದು ಮೀನಿನ ಚಾಕು, ಅದರ ಹಿಡಿಯ ಸಂದಿಯಲ್ಲಿ ನೀಲಿ ಹಗ್ಗದ ಎಳೆಗಳು. ಕೆಳಗಿನ ಅರೆಯಲ್ಲಿ ಸಾಲಾಗಿ ಜೋಡಿಸಿಟ್ಟ ಕವರುಗಳು, ಪ್ರತಿಯೊಂದಕ್ಕೂ ಠಸ್ಸೆ, ನಂಬರು, ತಾರೀಖು.

ಹನ್ನೊಂದರ ಮೇಲೆ ಅಣ್ಣನ ಅಕ್ಷರ, ಹನ್ನೊಂದರ ಮೇಲೆ ತನ್ನದೇ. ಒಂದನ್ನೂ ಯಾರೂ ಒಡೆದಿರಲಿಲ್ಲ.